ಕಟ್ಟದ ಕಂತು

"ಲೆಕ್ಕದಲ್ಲಿ ತಪ್ಪಿಲ್ಲ, ಡಾಕ್ಟ್ರೇ," ಎಂದು ತೀರ್ಥಪ್ಪ ಕನ್ನಡಕವನ್ನು ಹಣೆಗೇರಿಸಿದರು. "ನಾವು ಕೇಳಿದ್ರಲ್ಲಿ ಅರ್ಧ ಮಾತ್ರ ವಾಪಸ್ ಕೊಟ್ಟಿದಾರೆ. ವಿಮೆ ಕಂತಿನ ವಿನಾಯ್ತಿ ಒಪ್ಪಿಲ್ಲ."

ಮಲ್ಲಿಕಾಂಬ ಅಜ್ಜಂಪುರದ ಸರ್ಕಾರಿ ಆಸ್ಪತ್ರೆಯ ವೈದ್ಯೆ. ಸಂಬಳದಲ್ಲಿ ಹೆಚ್ಚಾಗಿ ಮುರಿದುಕೊಂಡಿದ್ದ ಆದಾಯ ತೆರಿಗೆ ಪೂರ್ತಿ ಮರಳಿ ಬರುತ್ತದೆಂದೇ ನಂಬಿದ್ದಳು. ಹಾಗಾಗಲಿಲ್ಲವೆಂದು ರಜೆ ಹಾಕಿ, ತನ್ನ ತೆರಿಗೆಯ ಕಾಗದಪತ್ರ ನೋಡುವ ಈ ವಕೀಲರನ್ನು ಹುಡುಕಿಕೊಂಡು ಕಡೂರಿಗೆ ಬಂದಿದ್ದಳು.

"ಯಾಕೆ ಒಪ್ಪಲ್ಲ? ಕಂತಿನ ದುಡ್ಡು ತಪ್ಪದೆ ಅಣ್ಣನ ಕೈಲಿ ಕೊಟ್ಟಿದೀನಿ."

"ರಸೀದಿ ಎಲ್ಲಿ? ತೆರಿಗೆ ಆಫೀಸಿನೋರು ಕೇಳಿದಾಗ ನಿಮ್ಮಣ್ಣನಿಗೆ ಹೇಳಿ ಕಳಿಸ್ದೆ. ನಾಳೆ ತರ್ತೀನಿ ಅಂದೋರು ಈ ಕಡೆ ತಲೆನೇ ಹಾಕ್ಲಿಲ್ಲ." ತೀರ್ಥಪ್ಪ ತಡೆದು, ದನಿ ತಗ್ಗಿಸಿದರು. "ನಿನ್ನೆ ನಾನೇ ವಿಮೆ ಆಫೀಸಲ್ಲಿ ವಿಚಾರಿಸ್ದೆ. ಹೋದ ವರ್ಷದಿಂದ ಕಂತೇ ಬಂದಿಲ್ವಂತೆ, ತಾಯಿ."

ಅವಳು ಅಲ್ಲಿಂದಲೇ ಅಣ್ಣನ ಊರು ತರೀಕೆರೆಯ ಬಸ್ಸು ಹತ್ತಿದಳು. ಅಪ್ಪ ಸತ್ತಾಗ ಓದು ಬಿಟ್ಟು, ಪಂಕ್ಚರ್ ಹಾಕುತ್ತ ಅವಳನ್ನು ಓದಿಸಿದವನು ಅಣ್ಣ ಬಸವರಾಜಪ್ಪ. ಬೇರೆ ಯಾರೇ ಆಗಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯಲ್ಲಿ ಅವನು ಚಕ್ರವೊಂದರ ಡೊಂಕು ತೆಗೆಯುತ್ತಿದ್ದ. ಅಂಗಡಿಯ ಹಿಂದೆಯೇ ಮನೆ.

"ಅಣ್ಣ, ನನ್ನ ವಿಮೆ ದುಡ್ಡು ಏನಾಯ್ತು?"

"ಕಟ್ಟಿದೀನಲ್ಲ," ಎಂದ, ತಲೆ ಎತ್ತದೆ.

"ತೀರ್ಥಪ್ಪೋರು ಎಲ್ಲಾ ಹೇಳಿದ್ರು. ಏನ್ ಮಾಡ್ದೆ? ಇಸ್ಪೀಟಾ?"

"ಮೆಲ್ಲಗೆ ಮಾತಾಡೇ. ನಿನ್ನ ಓದಿಸ್ದೋನು ನಾನು. ನನ್ನೇ ಕಳ್ಳ ಅಂತೀಯಾ?"

"ಓದಿಸಿದ್ದಕ್ಕೆ ಈಗ ವಸೂಲಿ ಮಾಡ್ಕೊಂಡ್ಯಾ?"

ಬಸವರಾಜಪ್ಪನ ಕೈಯಿಂದ ಜಾರಿದ ಚಕ್ರ ನೆಲದ ಮೇಲೆ ಗಿರ್ರನೆ ಸುತ್ತಿ ಬಿತ್ತು. ಅವನು ಅದನ್ನು ಎತ್ತಲಿಲ್ಲ.

"ಅವರನ್ನ ಬಯ್ಬೇಡ ಕಣೇ, ಮಲ್ಲಿ. ಆ ದುಡ್ಡು ನನಗೇ ಹೋಯ್ತು."

ಒಳಬಾಗಿಲಲ್ಲಿ ಅತ್ತಿಗೆ ಕಾಶಮ್ಮ ಚೌಕಟ್ಟು ಹಿಡಿದು ನಿಂತಿದ್ದಳು. ದಸರೆಗೆ ಬಂದಾಗ ಹೀಗಿರಲಿಲ್ಲ. ಈಗ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

"ಎದೇಲಿ ಗಂಟು. ಶಿವಮೊಗ್ಗದ ಕಡೆ ಒಬ್ರು ನಾಟಿ ಔಷಧಿ ಕೊಡ್ತಾರೆ. ಕರಗಿ ಹೋಗುತ್ತೆ ಅಂದ್ರು."

"ಎಷ್ಟು ದಿನದಿಂದ?"

"ಹೋದ ಗೌರಿ ಹಬ್ಬದಿಂದ."

"ಅಷ್ಟು ದಿನದಿಂದಾನಾ!" ಎಂದಳು ಮಲ್ಲಿಕಾಂಬ. "ನಾನೊಬ್ಬಳು ಡಾಕ್ಟ್ರು ಇದೀನಲ್ಲ ಅತ್ತಿಗೆ. ನನಗೊಂದು ಮಾತು ಹೇಳಬಾರದಿತ್ತಾ?"

"ಹೆಣ್ಣಿಗೆ ಯಾಕೆ ಓದು ಅಂತ ನಿನ್ನ ಪುಸ್ತಕಾನ ಒಲೆಗೆ ಹಾಕ್ದೋಳು ನಾನು. ಯಾವ ಮುಖ ಇಟ್ಕೊಂಡು ನಿನ್ನ ಮುಂದೆ ರವಿಕೆ ಬಿಚ್ಚಲಿ? ನಿನಗೆ ಗೊತ್ತಾಗಬಾರದು ಅಂತ ಇವರ ಹತ್ರ ಆಣೆ ಹಾಕಿಸ್ಕೊಂಡಿದ್ದೆ."

ಮಲ್ಲಿಕಾಂಬ ಅಣ್ಣನ ಕಡೆ ನೋಡಿದಳು. ಅವನು ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಬೆರಳುಗಳನ್ನು ಒರೆಸುತ್ತಲೇ ಇದ್ದ.

ಒಳಗೆ ಹೋಗಿ ಕೈ ತೊಳೆದುಕೊಂಡಳು. ಮಂಚದ ಮೇಲೆ ಕಾಶಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಳು. ಗಂಟು ಗಟ್ಟಿಯಾಗಿತ್ತು, ಅಲುಗುತ್ತಿರಲಿಲ್ಲ. ಕಂಕುಳಲ್ಲಿ ಇನ್ನೊಂದು ಸಿಕ್ಕಿತು. ಬೆರಳುಗಳನ್ನು ಅಲ್ಲೇ ಒಂದು ಗಳಿಗೆ ನಿಲ್ಲಿಸಿದಳು.

"ಅಣ್ಣ," ಎಂದು ಬಾಗಿಲಾಚೆ ಕೂಗಿದಳು. "ಬೆಂಗಳೂರಿನ ರೈಲಿಗೆ ಮೂರು ಟಿಕೆಟ್ ತಗೊಂಡು ಬಾ. ಇವತ್ತೇ ಹೊರಡೋಣ."

ಹೊರಗೆ ಅಂಗಡಿಯ ಬಾಗಿಲು ಎಳೆದ ಸದ್ದು, ಆಮೇಲೆ ಅವಸರದ ಚಪ್ಪಲಿ ಸದ್ದು ಕೇಳಿಸಿತು.

ಕಾಶಮ್ಮ ರವಿಕೆಯ ಕೊಕ್ಕೆ ಹಾಕಿಕೊಳ್ಳಲು ನೋಡಿದಳು. ಬೆರಳಿಗೆ ಕೊಕ್ಕೆ ಸಿಗುತ್ತಿರಲಿಲ್ಲ. ಮಲ್ಲಿಕಾಂಬ ಎದುರು ಕುಳಿತು ಅವಳ ಕೈಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಕೆಳಗಿನ ಕೊಕ್ಕೆಯಿಂದ ಒಂದೊಂದಾಗಿ ಹಾಕತೊಡಗಿದಳು.