ರೋಗಿಯನ್ನು ಹೊರಗೆ ಕೂರಿಸಿ

ಬೀದಿಯ ಕಡೆಗೆ ಅಂಗಡಿ, ಅದರ ಹಿಂದೆ ಮನೆ. ನಡುವೆ ಒಂದು ಪರದೆ ಮಾತ್ರ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಬೆಳಗಾದರೆ ಹಬೆ, ಸಾಬೂನು, ಬಿಸಿ ಹತ್ತಿಬಟ್ಟೆಯ ವಾಸನೆ. ಮೇಜಿನ ಮುಂದೆ ನಿಂತಿರುವವಳನ್ನು ಬೀದಿಯವರೆಲ್ಲ ಕರೆಯುವುದು ಇಸ್ತ್ರಿಯಮ್ಮ ಎಂದೇ. ಅಂಗಿ ಕೈಗೆ ಬಂದರೆ ಮೊದಲು ಕಾಲರು, ಆಮೇಲೆ ಹೆಗಲು, ತೋಳು, ಕೊನೆಗೆ ಬೆನ್ನು. ಈ ಕ್ರಮ ಎಂದೂ ತಪ್ಪುತ್ತಿರಲಿಲ್ಲ.

"ಇಸ್ತ್ರಿಯಮ್ಮ, ಈ ಅಂಗಿ ಜೊತೆ ನಮ್ಮ ಯಜಮಾನ್ರನ್ನೂ ಒಂದ್ಸಲ ಮೇಜಿನ ಮೇಲೆ ಹಾಕಿಬಿಡಿ" ಎಂದು ಗಿರಾಕಿಯೊಬ್ಬಳು ನಕ್ಕರೆ, "ಅವರದು ಸುಕ್ಕಲ್ಲಮ್ಮ, ನೇಯ್ಗೆನೇ ಹಾಗೆ" ಎನ್ನುವಳು.

ಅವಳ ಗಂಡ ಮನೆಮನೆಗೆ ಬಟ್ಟೆ ತಲುಪಿಸುವವನು. ಯಾವ ಮಾತಿಗೂ "ನೋಡೋಣ" ಎನ್ನುವುದರಿಂದ ಬೀದಿಯಲ್ಲಿ ಅವನ ಹೆಸರು ನೋಡೋಣಪ್ಪ. ಅವನ ಅಕ್ಕ ವಿಧವೆ; ಅದೇ ಮನೆಯಲ್ಲಿದ್ದು ಗಲ್ಲಾಪೆಟ್ಟಿಗೆಯ ಬಳಿ ಕೂರುವಳು. ಮನೆಯಲ್ಲಿ ಯಾವುದು ಆಗಬೇಕು, ಯಾವುದು ಆಗಬಾರದು ಎಂಬುದು ಈ ದೊಡ್ಡಕ್ಕನ ಬಾಯಿಂದಲೇ ಬರಬೇಕು. ಬಸ್ಸು ಓಡಿಸುವ ಮಗನೊಬ್ಬ. ಆತನ ಹೆಂಡತಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ.

ಇಸ್ತ್ರಿಯಮ್ಮನ ಎಡ ಸ್ತನದಲ್ಲಿ ಗಟ್ಟಿಯಾದದ್ದೇನೋ ಸೇರಿಕೊಂಡು ಬಹಳ ಕಾಲವಾಗಿತ್ತು. ನೋಯುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಹೇಳಿರಲಿಲ್ಲ. ಅಲ್ಲಿನ ಚರ್ಮ ಕಿತ್ತಳೆಯ ಸಿಪ್ಪೆಯಂತೆ ಗುಳಿಗುಳಿಯಾಯಿತು. ಕೋಟುಗಳನ್ನು ಮೇಲಿನ ಕಂಬಿಗೆ ನೇತುಹಾಕಲು ಕೈಯೆತ್ತಿದರೆ ಕಂಕುಳಲ್ಲಿ ಏನೋ ಒತ್ತತೊಡಗಿತು. ಆಗ ಗಂಡನಿಗೆ ಹೇಳಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚೂರು ತೆಗೆದರು, ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ಫಲಿತಾಂಶ ಬಂದ ದಿನ ಡಾಕ್ಟರು ಬಾಗಿಲು ತೆರೆದು, "ರೋಗಿ ಹೊರಗೆ ಕೂತಿರಲಿ. ಮನೆಯವರು ಬನ್ನಿ" ಎಂದರು.

ಗಂಡ ಮತ್ತು ದೊಡ್ಡಕ್ಕ ಒಳಗೆ ಹೋದರು. ಇಸ್ತ್ರಿಯಮ್ಮ ಇಬ್ಬರ ಛತ್ರಿಯನ್ನೂ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು.

ಒಳಗೆ ಡಾಕ್ಟರು ತಿಳಿಯುವಂತೆಯೇ ಹೇಳಿದರು. ಸ್ತನದ ಕ್ಯಾನ್ಸರ್. ಕಂಕುಳಿನ ಗ್ರಂಥಿಗಳಿಗೂ ಚರ್ಮಕ್ಕೂ ಹಬ್ಬಿದೆ, ಅದೃಷ್ಟಕ್ಕೆ ಬೇರೆ ಅಂಗಗಳಲ್ಲಿ ಕಂಡಿಲ್ಲ. ಈಗಲೇ ಕತ್ತರಿಸಲು ಹೊರಟರೆ ಪೂರ್ತಿ ಬರುವುದಿಲ್ಲ. ಮೊದಲು ಕೆಲವು ತಿಂಗಳು ಕೀಮೋಥೆರಪಿ ಕೊಟ್ಟು ಗೆಡ್ಡೆಯನ್ನು ಕುಗ್ಗಿಸಬೇಕು. ಕುಗ್ಗಿದ ಕೂಡಲೇ ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ. "ಮೂರೂ ಸೇರಿ ಒಂದೇ ಚಿಕಿತ್ಸೆ. ನಡುವೆ ನಿಲ್ಲಿಸಿದರೆ ಮಾಡಿದ್ದೆಲ್ಲ ವ್ಯರ್ಥ."

ದೊಡ್ಡಕ್ಕ ಕೇಳಿದ್ದು ಒಂದೇ. "ಅವಳಿಗೆ ಹೇಳಬೇಡಿ ಡಾಕ್ಟ್ರೇ. ನಮ್ಮ ಯಜಮಾನ್ರಿಗೆ ಹೇಳಿದ್ರು. ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಮುಖ ತಿರುಗಿಸಲಿಲ್ಲ. ತಿಂಗಳು ತುಂಬೋದ್ರೊಳಗೆ ಹೋಗ್ಬಿಟ್ರು."

ಹೊರಗೆ ಇನ್ನೂ ಉದ್ದನೆಯ ಸಾಲಿತ್ತು. ಡಾಕ್ಟರು, "ನಿಮ್ಮಿಷ್ಟ. ಚಿಕಿತ್ಸೆ ಮಾತ್ರ ತಪ್ಪಿಸಬೇಡಿ" ಎಂದರು.

"ಏನಂದ್ರು?" ಎಂದು ಇಸ್ತ್ರಿಯಮ್ಮ ಕೇಳಿದಾಗ ದೊಡ್ಡಕ್ಕ ಛತ್ರಿ ತೆಗೆದುಕೊಳ್ಳುತ್ತ, "ಏನಿಲ್ಲ ಬಿಡು, ಬರೀ ಗೆಡ್ಡೆಯಂತೆ. ಕರಗೋಕೆ ಔಷಧಿ ಏರಿಸ್ತಾರಂತೆ" ಎಂದಳು.

ಇದು ದ್ವೇಷದ ಮಾತಲ್ಲ. ಪ್ರೀತಿಯಿಂದಲೇ ಹುಟ್ಟಿದ್ದು. ಎಷ್ಟೋ ಮನೆಗಳಲ್ಲಿ ಈ ಪದ್ಧತಿ ಹೀಗೆಯೇ ಉಳಿದಿದೆ: ದೊಡ್ಡ ರೋಗವಾದರೆ ಅದರ ಹೆಸರು ಮನೆಯವರಿಗೆಲ್ಲ ತಿಳಿಯಬೇಕು, ರೋಗಿಯ ಕಿವಿಗೆ ಮಾತ್ರ ಬೀಳಬಾರದು. ಪ್ರೀತಿಯಿಂದ ಮಾಡಿದ್ದರಿಂದಲೂ ಹಾನಿಯಾಗಬಹುದು ಎಂಬುದನ್ನು ನಾವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಮೂರು ವಾರಕ್ಕೊಮ್ಮೆ ಔಷಧ ಏರತೊಡಗಿತು. ಮರುದಿನ ವಾಂತಿ, ಆಮೇಲೆ ಬಾಯಿಹುಣ್ಣು. ಎರಡನೆಯ ಸಲಕ್ಕೆ ಮುಂಚೆಯೇ ಬಾಚಣಿಗೆಯ ತುಂಬ ಕೂದಲು. ದೊಡ್ಡಕ್ಕ "ಔಷಧದ ಉಷ್ಣ ಕಣೆ" ಎಂದಳು. ಇಸ್ತ್ರಿಯಮ್ಮ ಉಣ್ಣೆಯ ಟೋಪಿ ಹಾಕಿಕೊಂಡು, "ಇಷ್ಟು ವರ್ಷ ಬೇರೆಯವರ ಬಟ್ಟೆ ಸುಕ್ಕು ತೆಗೆದೆ, ಈಗ ತಲೆನೇ ನುಣ್ಣಗಾಯ್ತು ನೋಡಿ" ಎಂದು ಗಿರಾಕಿಗಳನ್ನು ನಗಿಸಿದಳು. ದಿನ ಕಳೆದಂತೆ ಬೆರಳ ತುದಿಗಳಿಗೆ ಜೋಮು ಹಿಡಿಯಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಏನೋ ಸುಟ್ಟ ವಾಸನೆ. ಯಾರ ಬಟ್ಟೆ ಹಾಳಾಯಿತೋ ಎಂದು ಗಾಬರಿಯಿಂದ ಹುಡುಕಿದಳು. ಸುಟ್ಟಿದ್ದು ಅವಳ ಬೆರಳೇ.

ಅಂದು ಬೆರಳಿಗೆ ಪಟ್ಟಿ ಕಟ್ಟಿದ ಸೊಸೆ, ಪರದೆಯ ಹಿಂದೆ ಮಾವನನ್ನೂ ದೊಡ್ಡಕ್ಕನನ್ನೂ ನಿಲ್ಲಿಸಿ ಕೇಳಿದಳು. "ಇಷ್ಟೆಲ್ಲ ಅನುಭವಿಸ್ತಿದಾರೆ. ಯಾತಕ್ಕೆ ಅಂತ ಅವರಿಗೆ ಗೊತ್ತಾಗೋದು ಬೇಡ್ವಾ?"

"ನೋಡೋಣ" ಎಂದ ಮಾವ.

"ನೀನು ಮಕ್ಕಳಿಗೆ ಪಾಠ ಹೇಳು ತಾಯಿ, ನಮಗೆ ಬೇಡ" ಎಂದಳು ದೊಡ್ಡಕ್ಕ. "ಮನೆಗೆ ಬಂದು ಎರಡು ವರ್ಷ ಆಗಿಲ್ಲ."

ಔಷಧ ತನ್ನ ಕೆಲಸ ಮಾಡಿತು. ಚರ್ಮದ ಗುಳಿಗಳು ಮಾಸಿದವು, ಗೆಡ್ಡೆ ದಿನೇ ದಿನೇ ಕುಗ್ಗಿತು. ಕೊನೆಯ ಸುತ್ತು ಮುಗಿದಾಗ ಇಸ್ತ್ರಿಯಮ್ಮ ಎಷ್ಟು ಒತ್ತಿ ನೋಡಿಕೊಂಡರೂ ಬೆರಳಿಗೆ ಏನೂ ಸಿಗಲಿಲ್ಲ. ಅವಳು ಅಂಗಡಿಯ ಗಿರಾಕಿಗಳಿಗೆಲ್ಲ ಬಿಸ್ಕತ್ತು ಹಂಚಿದಳು.

ಆಸ್ಪತ್ರೆಯಿಂದ ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗಿ ಬಂತು. ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು. ಊಟದ ಹೊತ್ತಿನಲ್ಲಿ ಗಂಡ ತಟ್ಟೆಯನ್ನೇ ನೋಡುತ್ತ ವಿಷಯ ತೆಗೆದ.

ಇಸ್ತ್ರಿಯಮ್ಮನ ಕೈ ನಿಂತಿತು. "ಪೂರ್ತಿ ತೆಗೀತಾರಾ? ಯಾಕೆ?"

"ಡಾಕ್ಟ್ರು ಹೇಳ್ತಾರೆ."

"ಬರೀ ಗೆಡ್ಡೆ ಅಂದ್ರಿ. ಕರಗ್ತು. ಕರಗಿಹೋದ ಗೆಡ್ಡೆಗೆ ಕತ್ತಿ ಯಾಕ್ರೀ? ಕಲೆ ಹೋದ ಮೇಲೂ ಬಟ್ಟೆ ಕತ್ತರಿಸ್ತಾರಾ ಯಾರಾದ್ರೂ? ನನಗೆ ಬೇಡ."

ಇದ್ದ ಒಂದೇ ಉತ್ತರವನ್ನು ಹೇಳಬಾರದೆಂದು ಅವರೇ ತೀರ್ಮಾನಿಸಿದ್ದರು. ಆಡಿದ ಸುಳ್ಳಿನ ಲೆಕ್ಕದಲ್ಲಿ ಅವಳ ಮಾತು ಅಕ್ಷರಶಃ ಸರಿಯಾಗಿತ್ತು.

ಅವಳು ಅಂಗಡಿಗೆ ಹೋದ ಮೇಲೆ ಸೊಸೆ ಪಟ್ಟು ಹಿಡಿದಳು. "ದೊಡ್ಡತ್ತೆ, ಕೈಗೆ ಸಿಕ್ಕದಷ್ಟು ಸಣ್ಣದಾಗಿದೆ ಅಷ್ಟೆ. ಹೋಗಿಲ್ಲ. ಹೀಗೆ ಕುಗ್ಗುತ್ತೆ ಅಂತ ಗೊತ್ತಿದ್ದೇ ಡಾಕ್ಟರು ಔಷಧಿಗೆ ಮೊದಲೇ ಆ ಜಾಗದಲ್ಲಿ ಸಾಸಿವೆಯಷ್ಟು ಲೋಹದ ಗುರುತು ಇಟ್ಟಿದಾರೆ, ಕತ್ತರಿಸುವಾಗ ಜಾಗ ತಪ್ಪಬಾರದು ಅಂತ. ಇದು ಬೂದಿ ಮುಚ್ಚಿದ ಕೆಂಡ."

"ಕೆಂಡ ಅಂತ ಗೊತ್ತಿದ್ರೆ ಕೆದಕಬೇಡ. ಕತ್ತಿ ತಾಗಿದ್ರೆ ಮೈಯೆಲ್ಲ ಹರಡುತ್ತೆ ಅಂತಾರೆ."

"ಕತ್ತಿಯಿಂದ ಹರಡಲ್ಲ. ಬಿಟ್ರೆ ಹರಡುತ್ತೆ. ಹೇಳೋಣ ದೊಡ್ಡತ್ತೆ. ಅವರೇ ಒಪ್ತಾರೆ."

"ಹೇಳು. ಎದೆಯೊಡೆದು ಸತ್ರೆ ಆ ಪಾಪ ನಿನ್ನ ತಲೆಗೆ" ಎಂದಳು ದೊಡ್ಡಕ್ಕ. ದನಿ ಏರಿಸದೆ ಆಡಿದ ಮಾತಾದ್ದರಿಂದ ಅದು ಇನ್ನಷ್ಟು ಭಾರವಾಗಿತ್ತು. ಮಗನೂ ಹೆಂಡತಿಗೆ, "ಸ್ವಲ್ಪ ದಿನ ಸುಮ್ಮನಿರು" ಎಂದ. ಶಸ್ತ್ರಚಿಕಿತ್ಸೆಯ ದಿನ ಬಂದು ಹೋಯಿತು. ಆ ದಿನ ಇಸ್ತ್ರಿಯಮ್ಮ ಮದುವೆಮನೆಯೊಂದರ ಮೇಜುಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿದಳು.

ತಲೆಯ ಮೇಲೆ ಹೊಸ ಕೂದಲು ಮೂಡಿ, ಟೋಪಿ ತೆಗೆದಿಟ್ಟು, ಹಳೆಯ ಹಾಸ್ಯವೆಲ್ಲ ಮರಳಿ ಬಂದ ಹೊತ್ತಿನಲ್ಲೇ ಅದೂ ಮರಳಿತು. ಸ್ನಾನ ಮಾಡುವಾಗ ಕಂಕುಳಲ್ಲಿ ಕೈಗೆ ಸಿಕ್ಕಿತು. ಕೊರಳಿನ ಬುಡದಲ್ಲಿ ಇನ್ನೊಂದು, ಹೊಸದು. ಸೊಸೆ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಇಸ್ತ್ರಿಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನೀನು ಓದಿದವಳು. ಸುಳ್ಳು ಹೇಳೋಕೆ ಬರಲ್ಲ, ಅದಕ್ಕೇ ಕೇಳ್ತಿದೀನಿ. ನನ್ನ ರೋಗದ ಹೆಸರೇನು?"

ಸೊಸೆ ನಲ್ಲಿ ನಿಲ್ಲಿಸಿದಳು. "ಕ್ಯಾನ್ಸರ್, ಅತ್ತೆ."

ಇಸ್ತ್ರಿಯಮ್ಮನ ಎದೆ ಒಡೆಯಲಿಲ್ಲ. ಬಾಗಿಲಿನ ಚೌಕಟ್ಟು ಹಿಡಿದು ಕೇಳಿದಳು, "ಯಾರ್ಯಾರಿಗೆ ಗೊತ್ತಿತ್ತು?"

"ಎಲ್ಲರಿಗೂ."

"ನನ್ನ ಮಗನಿಗೂ?"

"ಹೂಂ."

"ಆ ಆಪರೇಷನ್ನು ಇದಕ್ಕೇನಾ?"

ಸೊಸೆ ಎಲ್ಲವನ್ನೂ ಹೇಳಿದಳು. ಮೊದಲು ಔಷಧ ಏಕೆ, ಆಮೇಲೆ ಕತ್ತಿ ಏಕೆ, ನಡುವೆ ಬಿಟ್ಟರೆ ಏನಾಗುತ್ತದೆ ಎಂದು. ಇಸ್ತ್ರಿಯಮ್ಮ ಕೇಳಿಸಿಕೊಂಡಳು.

"ಹಾಗಾದ್ರೆ ಬೇಡ ಅಂದಿದ್ದು ನಾನಲ್ಲ. ಬರೀ ಗೆಡ್ಡೆ ಇದ್ದವಳು ಬೇಡ ಅಂದ್ಲು. ಕ್ಯಾನ್ಸರ್ ಇದ್ದವಳನ್ನ ಯಾರೂ ಕೇಳಲೇ ಇಲ್ಲ."

ಪರದೆ ಸರಿಸಿಕೊಂಡು ಬಂದ ದೊಡ್ಡಕ್ಕ ಅಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ಕೂತ್ಕೊಳ್ಳಿ" ಎಂದಳು ಇಸ್ತ್ರಿಯಮ್ಮ. "ನಿಮ್ಮ ಯಜಮಾನ್ರಿಗೆ ಹೇಳಿದ್ದಕ್ಕೆ ಗೋಡೆ ಕಡೆ ತಿರುಗಿದ್ರು ಅಂತ ಯಾವಾಗ್ಲೂ ಅಂತಿದ್ರಲ್ಲ. ಯಾರು ಹೇಳಿದ್ರು ಅವರಿಗೆ?"

ದೊಡ್ಡಕ್ಕ ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು. "ಯಾರೋ ನೋಡೋಕೆ ಬಂದವರು. ಬಾಯ್ತಪ್ಪಿ. ಆಗಲೇ ಹಾಸಿಗೆ ಹಿಡಿದಿದ್ರು."

"ಏನಂದ್ರು ಅವರು?"

"ಎಷ್ಟು ದಿನದಿಂದ ನಿನಗೆ ಗೊತ್ತಿತ್ತು, ಅಂತ ಕೇಳಿದ್ರು. ವರ್ಷದಿಂದ ಅಂದೆ." ಅವಳ ದನಿ ಇಳಿಯಿತು. "ಆಮೇಲೆ ನನ್ನ ಜೊತೆ ಮಾತಾಡಲಿಲ್ಲ."

ಅಲ್ಲಿಯವರೆಗೆ ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಹುಶಃ ತನಗೇ ಹೇಳಿಕೊಂಡಿರಲಿಲ್ಲ. ಇಸ್ತ್ರಿಯಮ್ಮ ಅವಳ ಮುಂದೆ ನೀರಿನ ಲೋಟ ಇಟ್ಟಳು.

ಆ ವಾರವೇ ಅವಳು ಆಸ್ಪತ್ರೆಗೆ ಹೋದಳು. ಡಾಕ್ಟರು ಅಭ್ಯಾಸದಂತೆ ಗಂಡನ ಕಡೆ ತಿರುಗಿ ಮಾತು ತೆಗೆದಾಗ, "ರೋಗ ನಂದು ಡಾಕ್ಟ್ರೇ, ನನಗೆ ಹೇಳಿ" ಎಂದಳು. ಅವರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಹೇಳಿದರು. ಕೊರಳಿನ ಗ್ರಂಥಿಗೂ ಹೋಗಿದೆ. ಮೊದಲಿನ ಔಷಧ ಸಾಲದು, ಬೇರೆಯದು ಕೊಡಬೇಕು. ಅದಕ್ಕೆ ಬಗ್ಗಿದರೆ ಶಸ್ತ್ರಚಿಕಿತ್ಸೆ. ಆಗಲೇ ಶಸ್ತ್ರಚಿಕಿತ್ಸೆಗೆ ಬಂದಿದ್ದರೆ ಇರುತ್ತಿದ್ದಷ್ಟು ಭರವಸೆ ಈಗಿಲ್ಲ. ಆದರೆ ಇಲ್ಲವೇ ಇಲ್ಲವೆಂದಲ್ಲ.

"ಶುರು ಮಾಡಿ" ಎಂದಳು. "ಈ ಸಲ ವಾಂತಿ ಯಾಕೆ, ಜೋಮು ಯಾಕೆ ಅಂತ ಮೊದಲೇ ಹೇಳ್ಬಿಡಿ. ತಡ್ಕೊಳ್ಳೋಕೆ ಸುಲಭ."

ಔಷಧಕ್ಕೆ ರೋಗ ಬಗ್ಗಿತು, ನಿಧಾನವಾಗಿ. ಶಸ್ತ್ರಚಿಕಿತ್ಸೆಯಾಯಿತು. ಒಪ್ಪಿಗೆಯ ಕಾಗದದಲ್ಲಿ ಸಹಿ ಅವಳದೇ. ವಿಕಿರಣವೂ ಮುಗಿಯಿತು. ಎಡಗೈ ಬಾತುಕೊಂಡು ಮೇಲೆತ್ತಲಾಗದ್ದರಿಂದ ಮೇಲಿನ ಕಂಬಿಯನ್ನು ಮಗ ಕೆಳಗಿಳಿಸಿಕೊಟ್ಟ. ರೋಗ ಪೂರ್ತಿ ಹೋಗಿದೆಯೇ ಎಂದು ಡಾಕ್ಟರನ್ನು ಕೇಳಿದಾಗ ಅವರು ತಿಳಿಯದು ಎಂದರು. ಅವಳು ಆ ಉತ್ತರವನ್ನೇ ಮನೆಗೆ ತಂದು, ಎಲ್ಲರನ್ನೂ ಕೂರಿಸಿ, ಹಾಗೆಯೇ ಹೇಳಿದಳು.

ಒಂದು ಬೆಳಗ್ಗೆ ಅದೇ ಬೀದಿಯ ಗಡಿಯಾರ ರಿಪೇರಿಯವನು ಕೋಟು ಕೊಡುವ ನೆಪದಲ್ಲಿ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿದ. "ದೊಡ್ಡಕ್ಕ, ನಮ್ಮವಳಿಗೂ ಅದೇ ಅಂತೆ. ಔಷಧಿ ಶುರುವಾಗಬೇಕು. ಅವಳಿಗಿನ್ನೂ ಗೊತ್ತಿಲ್ಲ. ನೀವು ಅಷ್ಟು ದಿನ ಹೇಗೆ ಬಚ್ಚಿಟ್ರಿ, ಸ್ವಲ್ಪ ಹೇಳಿಕೊಡಿ."

ದೊಡ್ಡಕ್ಕ ಮೇಜಿನ ಕಡೆ ನೋಡಿದಳು. ಇಸ್ತ್ರಿಯಮ್ಮ ಕಾಲರು ಮುಗಿಸಿ ಹೆಗಲಿಗೆ ಬಂದಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

"ಬಹಳ ಚೆನ್ನಾಗಿ ಬಚ್ಚಿಟ್ಟೆ ಕಣಪ್ಪ" ಎಂದಳು ದೊಡ್ಡಕ್ಕ. "ನೀನು ಹಾಗೆ ಮಾಡಬೇಡ. ನಾನು ಹೇಳಿಕೊಡಲ್ಲ."

"ಹೆದರ್ಕೋತಾಳೆ..."

"ಹೆದರ್ಕೊಳ್ಳಲಿ" ಎಂದಳು ಇಸ್ತ್ರಿಯಮ್ಮ. "ನೀವೂ ಹೆದರಿದೀರಲ್ಲ. ಒಟ್ಟಿಗೆ ಹೆದರಿ. ಅವರನ್ನ ಕಳಿಸಿ."

ಅವನು ಕೋಟನ್ನು ಬಿಟ್ಟು ಹೋದ. ಮಧ್ಯಾಹ್ನ ಅಂಗಡಿ ಖಾಲಿಯಾಗಿದ್ದಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತಳು. ಒಳಗೆ ಬರಲೋ ಬೇಡವೋ ಎಂಬಂತೆ. ಇಸ್ತ್ರಿಯಮ್ಮ ಸ್ವಿಚ್ಚು ಆರಿಸಿ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಮೇಜಿನಡಿಯಿಂದ ಸ್ಟೂಲು ಎಳೆದಳು.

"ಬಾರಮ್ಮ, ಕೂತ್ಕೋ. ಮೊದಲು ನಿನಗೆ ಏನು ಗೊತ್ತು, ಹೇಳು."