ಒಂದೇ ಕಡೆ ಕೊಂಡಿ ಇರುವ ಡಬ್ಬಿ

ಬಂಡೆಮ್ಮತ್ತೆ ಮನೆ ನೋಡಲು ಹೋದರೆ ಅದು ಮನೆ ನೋಡುವುದಲ್ಲ, ಜಪ್ತಿ. ವೀಳ್ಯಕ್ಕೆ ಮೊದಲು ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಮನೆಗೆ ಹೋಗಿ ನೀರು, ನೆಲ, ಅಡುಗೆಮನೆ ನೋಡಿ ಬರುವುದು ಅವರಲ್ಲಿ ರೂಢಿ. ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದು ತಲೆಮಾರು ಕಳೆದರೂ ಸಿದ್ದರಾಮಪ್ಪನವರ ಮನೆಯಲ್ಲಿ ಅದು ತಪ್ಪಿರಲಿಲ್ಲ. ಉಳಿದವರು ಚಹಾ ಕುಡಿಯುತ್ತಾ ಕಣ್ಣಲ್ಲೇ ನೋಡಿ ಎದ್ದು ಬರುತ್ತಾರೆ. ಸಿದ್ದರಾಮಪ್ಪನವರ ತಂಗಿ ಬಂಡೆಮ್ಮ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದು ಮೂಸುವವಳು. ಅಣ್ಣನ ಮಗಳು ಶೀತಲಳಿಗೆ ಗೊತ್ತಾಗಿದ್ದ ಹುಡುಗ ರಾಹುಲನ ಮನೆಯಲ್ಲೂ ಹಾಗೇ ಮಾಡಿದಳು. ಫ್ರಿಜ್ಜಿನ ಮೇಲೆ ಗುಳಿಗೆಯ ಖಾಲಿ ಹಾಳೆಯೊಂದು ಸಿಕ್ಕಿತು. ಯಾರಿಗೂ ಕಾಣದಂತೆ ಅದನ್ನು ಚೀಲಕ್ಕೆ ಸೇರಿಸಿ, ಕಾಚಿಗೂಡದಲ್ಲಿ ರೈಲು ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿದವಳೇ ನೆಟ್ಟಗೆ ಔಷಧದ ಅಂಗಡಿಗೆ ನಡೆದಳು.

ಅಂಗಡಿಯವನು ಹಾಳೆ ತಿರುವಿ ನೋಡಿ, ಇದು ಏಡ್ಸ್ ಆದವರಿಗೆ ಕೊಡುವುದು ಎಂದ. ಅವನು ಸುಳ್ಳು ಹೇಳಲಿಲ್ಲ, ಅರ್ಧ ಹೇಳಿದ. ಆ ಅರ್ಧವೇ ಸಾಕಾಯಿತು.

ಸಿದ್ದರಾಮಪ್ಪನವರು ಅಂದೇ ರಾಹುಲನ ತಾಯಿ ಗುರುಬಾಯಿಯವರಿಗೆ ಫೋನು ಮಾಡಿ, "ಅಕ್ಕಾರ, ಈ ಸಂಬಂಧ ನಮಗ ಹೊಂದೂದಿಲ್ರಿ" ಎಂದು ಇಟ್ಟುಬಿಟ್ಟರು. ಕಾರಣ ಅವರ ಬಾಯಿಂದ ಬರಲಿಲ್ಲ. ಬಂಡೆಮ್ಮ ಇರುವಾಗ ಅದೇನು ಗುಟ್ಟಾಗಿ ಉಳಿಯುತ್ತದೆಯೇ? ವಾರ ಕಳೆಯುವುದರೊಳಗೆ ಕಾಚಿಗೂಡದ ಕನ್ನಡದವರ ಮನೆಗಳಲ್ಲೆಲ್ಲ ಅದೇ ಮಾತು. ಶೀತಲಳಿಗೆ ರಾಹುಲ ಮನಸಾರೆ ಹಿಡಿಸಿದ್ದ. ಆದರೂ ಅವನ ಫೋನು ಬಂದಾಗ ಅವಳು ಎತ್ತಲಿಲ್ಲ. ಭಯ, ಅಸಹ್ಯ, ಮೋಸಹೋದೆನೆಂಬ ಸಿಟ್ಟು, ಎಲ್ಲ ಒಟ್ಟಿಗೆ ಇತ್ತು.

ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಶೀತಲಳ ಕಂಪನಿಗೆ ಔಷಧ ಕಾರ್ಖಾನೆಯೊಂದರ ವೆಬ್‌ಸೈಟ್ ಮಾಡುವ ಕೆಲಸ ಬಂತು. ಯಾವ ಔಷಧ ಯಾವ ಕಾಯಿಲೆಗೆಂದು ಸಾಲುಸಾಲಾಗಿ ಏರಿಸುತ್ತಿದ್ದಾಗ ಲ್ಯಾಮಿವುಡಿನ್ ಎಂಬ ಹೆಸರು ಬಂತು. ಅತ್ತೆ ತಂದಿದ್ದ ಹಾಳೆಯ ಮೇಲಿದ್ದ ಆ ಹೆಸರನ್ನು ಅವಳು ಮರೆಯುವುದುಂಟೇ? ಅದರ ಮುಂದೆ ಕಾಯಿಲೆಗಳು ಎರಡಿದ್ದವು. ಒಂದು ಎಚ್‌ಐವಿ, ಇನ್ನೊಂದು ಹೆಪಟೈಟಿಸ್ ಬಿ, ಅಂದರೆ ಯಕೃತ್ತಿಗೆ ಹತ್ತುವ ವೈರಾಣು.

ಕಾರ್ಖಾನೆಯ ಕಡೆಯಿಂದ ಬಂದು ಕೂರುತ್ತಿದ್ದ ರಸಾಯನ ವಿಜ್ಞಾನಿ ಭವಾನಿಯನ್ನು ಕೇಳಿದಳು. ಅವಳು ತನ್ನ ತೆಲುಗಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು. ವೈರಾಣು ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ನಕಲು ತೆಗೆಯುತ್ತದೆ. ನಕಲೆಂದರೆ ಚಿಕ್ಕ ತುಣುಕುಗಳನ್ನು ಒಂದರ ಹಿಂದೊಂದು ಜೋಡಿಸುತ್ತಾ ಹೋಗುವುದು. ಈ ಗುಳಿಗೆ ಆ ತುಣುಕಿನ ವೇಷ ಹಾಕಿ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಅದರ ಮುಂದೆ ಇನ್ನೊಂದು ಜೋಡಿಸಲು ಬರುವುದಿಲ್ಲ, ನಕಲು ಅಲ್ಲಿಗೇ ನಿಲ್ಲುತ್ತದೆ. ಈ ಎರಡು ವೈರಾಣುಗಳ ಕುಲ ಬೇರೆಯಾದರೂ ತುಣುಕು ಜೋಡಿಸುವ ಕಿಣ್ವ ಹೆಚ್ಚುಕಡಿಮೆ ಒಂದೇ ಬಗೆಯದು, ಅದಕ್ಕೇ ಎರಡೂ ಮೋಸಹೋಗುತ್ತವೆ. ಸರ್ಪಸುತ್ತಿನ ವೈರಾಣುವಿಗೂ ಇದೇ ಮನೆತನದ ಬೇರೊಂದು ಗುಳಿಗೆ ಉಂಟು.

"ನಡುವೆ ಬಿಟ್ಟರೆ?" ಎಂದಳು ಶೀತಲ.

ಬಿಡಬಾರದು, ಎಂದಳು ಭವಾನಿ. ಗುಳಿಗೆ ವೈರಾಣುವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ವೈದ್ಯರನ್ನು ಕೇಳದೆ ಬಿಟ್ಟವರಲ್ಲಿ ಕೆಲವರಿಗೆ ಅದು ಒಮ್ಮೆಲೇ ಯಕೃತ್ತಿನ ಮೇಲೆ ಏರಿಬರುತ್ತದೆ. ಸತ್ತವರೂ ಇದ್ದಾರೆ.

ಶೀತಲ ಆ ಸಂಜೆ ತನ್ನ ಮನೆಗೆ ಹೋಗದೆ ಕಾಚಿಗೂಡಕ್ಕೆ, ರಾಹುಲನ ಮನೆಗೆ ಹೋದಳು. ರಾಹುಲ ಮಲಗಿದ್ದ. ಕಣ್ಣು ಅರಿಸಿನ ಬಳಿದಂತಿತ್ತು. ಗುರುಬಾಯಿ ನೆಲನೆಲ್ಲಿ ಸೊಪ್ಪು ಅರೆಯುತ್ತಿದ್ದರು.

"ಗುಳಿಗಿ ಬಿಟ್ಟೀರೇನು?" ಎಂದಳು, ನಿಂತಲ್ಲಿಂದಲೇ.

"ಗುಳಿಗಿ ಮಾತು ಓಣಿಯಾಗ ಹಬ್ಬಿದ ದಿನಾನ ಬಿಟ್ಟೆ," ಎಂದ ರಾಹುಲ. "ಹೆಪಟೈಟಿಸ್ ಅಂತ ಹೇಳಾಕ ಎಷ್ಟ ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ."

"ಬಿಡಿಸಿದಾಕಿ ನಾನವ್ವಾ," ಎಂದರು ಗುರುಬಾಯಿ. "ಆ ಗುಳಿಗಿ ಮನ್ಯಾಗ ಇದ್ರ ಅಂವಗ ಯಾರು ಹೆಣ್ಣು ಕೊಡ್ತಾರ? ಈಗ ಕಾಮಾಲಿಗೆ ನಾಟಿ ಔಷಧ ಕೊಡಾಕತ್ತೀನಿ. ಇದಕ್ಕ ಪಥ್ಯ ಭಾಳ, ದವಾಖಾನಿ ಔಷಧ ಕೂಡಂಗಿಲ್ಲ."

ಶೀತಲಳಿಗೆ ಬಂಡೆಮ್ಮನ ಮೇಲೆ ಸಿಟ್ಟು ಬಂತು, ಅಂಗಡಿಯವನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆಯೇ ಬಂತು. ಒಂದು ಫೋನು ಎತ್ತಿದ್ದರೆ ಸಾಕಿತ್ತು. "ಏಳ್ರಿ, ಆಟೋ ತರ್ತೀನಿ," ಎಂದಳು. ಗುರುಬಾಯಿ ಅರೆಯುವ ಕಲ್ಲು ಬಿಟ್ಟು, ಕೈ ಕೂಡ ತೊಳೆಯದೆ ಹಿಂದೆ ಬಂದರು.

ಆಸ್ಪತ್ರೆಯಲ್ಲಿ ವೈದ್ಯರು ಗುಳಿಗೆ ಮತ್ತೆ ಶುರು ಮಾಡಿದರು. ಯಕೃತ್ತು ತಡೆದುಕೊಳ್ಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಸುದ್ದಿ ತಿಳಿದು ಮಗಳನ್ನು ಕರೆದೊಯ್ಯಲು ಬಂದ ಸಿದ್ದರಾಮಪ್ಪನವರನ್ನು ಶೀತಲ ಬೆಂಚಿನ ಮೇಲೆ ಕೂರಿಸಿ, ಭವಾನಿ ಹೇಳಿದ್ದನ್ನೆಲ್ಲ ಹೇಳಿದಳು. ರೈಲ್ವೆ ವರ್ಕ್‌ಶಾಪಿನಲ್ಲಿ ತಲೆ ನೆರೆದ ಮನುಷ್ಯ, ಕೇಳುತ್ತಾ ಕೇಳುತ್ತಾ ತಲೆ ಆಡಿಸತೊಡಗಿದರು.

"ಅಂದ್ರ ಒಂದ ಕಡೆ ಕೊಂಡಿ ಇರೋ ಡಬ್ಬಿ," ಎಂದರು. "ಹಿಂದಿನ ಡಬ್ಬಿಗೆ ಬರೋಬರಿ ಕೂಡತೈತಿ. ಅದರ ಮುಂದ ಇನ್ನೊಂದು ಜೋಡಸಾಕ ಬರಂಗಿಲ್ಲ. ಗಾಡಿ ಉದ್ದ ಆಗೂದ ನಿಂತತು."

"ಹೂಂ ಅಪ್ಪಾ. ದಿನಾ ಒಂದು ಅಂಥಾ ಡಬ್ಬಿ ಹಾಕ್ತಾನ ಇರಬೇಕು."

"ಅದನ್ನ ನಾವು ನಿಲ್ಲಿಸಿದ್ವಿ," ಎಂದರು ಸಿದ್ದರಾಮಪ್ಪ. ಮಗಳನ್ನು ಮನೆಗೆ ಬಾ ಎನ್ನಲಿಲ್ಲ.

ಮರುದಿನ ಬಂಡೆಮ್ಮ ಗಂಜಿ ಮಾಡಿಕೊಂಡು ಬಂದಳು. ಹಿಂದೊಮ್ಮೆ ಸರ್ಪಸುತ್ತು ಎದ್ದಾಗ ನೀನು ನುಂಗಿದ ಗುಳಿಗೆಯೂ ಇದರ ದಾಯಾದಿಯೇ ಎಂದು ಶೀತಲ ತಿಳಿಸಿದಳು. ಬಂಡೆಮ್ಮ ಗಂಜಿಯ ಪಾತ್ರೆ ಕೆಳಗಿಟ್ಟಳು. "ನನಗೇನ ಗೊತ್ತಿತ್ತು? ಆ ಅಂಗಡಿಯವಗ ಛಲೋತ್ನಾಗ ಬೈದು ಬರ್ತೀನಿ," ಎಂದಳು. ಬೈದೂ ಬಂದಳು. ಕಾಚಿಗೂಡದ ಮನೆಗಳಿಗೂ ಹೋಗಿ ತಾನೇ ಹಬ್ಬಿಸಿದ್ದನ್ನು ತಾನೇ ಅಳಿಸುತ್ತಾ ಬಂದಳು, ಅಷ್ಟೇ ಹುರುಪಿನಿಂದ.

ರಾಹುಲ ಉಳಿದ. ಕಣ್ಣಿನ ಹಳದಿ ಮೆಲ್ಲಗೆ ಇಳಿಯಿತು, ಅನ್ನ ಸೇರತೊಡಗಿತು. ಅವನು ಮನೆಗೆ ಬಂದ ಮೇಲೆ ಸಿದ್ದರಾಮಪ್ಪನವರು ತಂಗಿಯನ್ನೂ ಮಗಳನ್ನೂ ಕರೆದುಕೊಂಡು ಕಾಚಿಗೂಡಕ್ಕೆ ಹೋದರು. ಗುರುಬಾಯಿ ಕೂಡಲೂ ಇಲ್ಲ, ಬಾಗಿಲಿಗೆ ಒರಗಿ ನಿಂತರು.

"ಅಕ್ಕಾರ, ಈ ವರ್ಷ ಮದಿವಿ ಆಗಂಗಿಲ್ರಿ," ಎಂದರು ಸಿದ್ದರಾಮಪ್ಪ.

ಗುರುಬಾಯಿಯ ತಲೆ ಬಾಗಿತು. "ಮನಿತನಕ ಬಂದು ಹೇಳಿದ್ರಲ್ರಿ, ಅಷ್ಟ ಸಾಕು. ನನ್ನ ಮಗ ಉಳದಾನ, ಇನ್ನೇನ ಕೇಳ್ಲಿ?"

"ಪೂರಾ ಕೇಳ್ರಿ. ಈ ರೋಗ ಹತ್ತದಂಗ ಶೀತಲಗ ಸೂಜಿ ಹಾಕಸಾಕತ್ತೀವಿ. ಕಡೀ ಸೂಜಿಗೆ ಇನ್ನೂ ತಿಂಗಳುಗಟ್ಟಲೆ ಐತಿ. ಅದು ಆದ ಮ್ಯಾಲ ಮುಹೂರ್ತ ತಗಸೂಣು. ಅಲ್ಲೀತನಕ ಹುಡುಗ ಒಂದಿನಾನೂ ಗುಳಿಗಿ ತಪ್ಪಸಬಾರದು. ಅದನ್ನ ನೋಡ್ಕೋಳೂದು ನಿಮ್ಮ ಕೆಲಸ, ಬೀಗತೀರ."

ಗುರುಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತರು. ಶೀತಲ ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವರೇ ಎದ್ದು, "ಹಂಗಾದ್ರ ಇವತ್ತ ಉಂಡ ಹೋಗಬೇಕ್ರಿ," ಎಂದು ಅಳುತ್ತಲೇ ಒಳಗೆ ಹೋಗಿ ಒಲೆ ಹಚ್ಚಿದರು.