ಒತ್ತು, ಹಿಡಿ, ಬಿಡು

ಕೆಂಪು ಕಾರ್ವೆಟ್ ಕಾರನ್ನು ಪಕ್ಕದ ಮನೆಯ ಯೂಜಿನ್‌ಗೆ ಮಾರುವುದಾಗಿ ರೂಡಿ ಮಾತು ಕೊಟ್ಟುಬಿಟ್ಟಿದ್ದ. ಸಂಜೆ ಐದಕ್ಕೆ ಕೀಲಿಕೈ ಒಪ್ಪಿಸಬೇಕು. ಕೈನಡುಕ ಶುರುವಾದ ಮೇಲೆ ರೂಡಿಗೆ ಸ್ಪ್ಯಾನರ್ ಹಿಡಿಯಲಾಗುತ್ತಿರಲಿಲ್ಲ. ಆ ಕಾರನ್ನು ಇನ್ನೊಬ್ಬರ ಗ್ಯಾರೇಜಿಗೆ ಬಿಡುವುದು ಅವನ ಜಾಯಮಾನವೇ ಅಲ್ಲ. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ಅಲುಗುತ್ತಿತ್ತು. ಪಿಟ್ಸ್‌ಬರ್ಗಿನ ಇಂಥ ಕಡಿದಾದ ಬೀದಿಯಲ್ಲಿ ಅದು ಹುಡುಗಾಟದ ಮಾತೂ ಅಲ್ಲ.

"ಹೊಸ ಬ್ರೇಕು ನಾನೇ ಹಾಕ್ತೀನಿ" ಎಂದಳು ಹೆಂಡತಿ ಲೊರೇನ್, ಬೆಳಗಿನ ಕಾಫಿ ಕುಡಿಯುತ್ತಾ. "ಐದರೊಳಗೆ ಮುಗಿಸಿದ್ರೆ ಕಾರು ಎಲ್ಲೂ ಹೋಗಲ್ಲ. ಆಯ್ತಾ?"

"ಆಯ್ತು" ಎಂದು ರೂಡಿ ನಕ್ಕ. ನಗದೆ ಏನು ಮಾಡಿಯಾನು? ಮದುವೆಯಾದಾಗಿನಿಂದ ಬ್ರೇಕ್ ಕೆಲಸದಲ್ಲಿ ಅವಳ ಪಾಲಿಗೆ ಬಂದಿದ್ದು ಸೀಟಿನಲ್ಲಿ ಕೂತು ಪೆಡಲ್ ಒತ್ತುವುದೊಂದೇ. ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ತೆಗೆಯಲು ಅವನು ಚಕ್ರದ ಬುಡದಲ್ಲಿ ಕೂತು "ಒತ್ತು! ಹಿಡಿ! ಬಿಡು!" ಎಂದು ಕೂಗುತ್ತಿದ್ದ. ಅವನು ಹೇಳುವ ಮೊದಲೇ ಅವಳು ಬಿಟ್ಟರೆ ಗಾಳಿ ಒಳಗೆ, ಬೈಗುಳ ಹೊರಗೆ. ಆದರೂ ಆ ಕೆಲಸದ ದಿನಗಳೆಂದರೆ ಅವಳಿಗೆ ಬಲು ಇಷ್ಟ. ಕಾರು ಹೋದರೆ ಅವೂ ಹೋದಂತೆ. ಗಂಡ ಇಡೀ ದಿನ ಟಿವಿ ಮುಂದೆ ಕೂರುವುದನ್ನು ನೆನೆದೇ ಅವಳಿಗೆ ಸಂಕಟವಾಗಿತ್ತು.

ಮುಂದಿನ ಚಕ್ರ ಸುಲಭವಾಗಿ ಬಂತು. ಪ್ಯಾಡುಗಳೂ ಬಂದವು. ಅವು ಕಚ್ಚಿ ಹಿಡಿಯುವ, ತುಕ್ಕು ಹಿಡಿದ ಡಿಸ್ಕ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಸುತ್ತಿಗೆ ತಗೊ" ಎಂದ ರೂಡಿ, ಕುರ್ಚಿಯಲ್ಲಿ ಕೂತೇ. "ಬೋಲ್ಟಿಗೆ ತಾಗಿಸ್ಬೇಡ, ಮಧ್ಯದಲ್ಲಿ ಹೊಡಿ."

ಲೊರೇನ್ ಬಾರಿಸಿದ ಸದ್ದಿಗೆ ಯೂಜಿನ್ ಬೇಲಿಯ ಹತ್ತಿರ ಓಡಿ ಬಂದ. "ಅಯ್ಯಯ್ಯೋ, ನನ್ನ ಕಾರಿಗೆ ಹಂಗೆ ಹೊಡೀತಿದೀಯಲ್ಲಮ್ಮ!"

"ನಿನ್ನ ಕಾರಾ? ಐದಾಗ್ಲಿ, ತಡಿಯಪ್ಪ" ಎಂದು ಅವಳು ಮತ್ತೊಂದು ಕೊಟ್ಟಳು. ಡಿಸ್ಕ್ ಠಣ್ಣೆಂದು ಕಳಚಿತು. ಅವಳ ಕೇಕೆ ಬೀದಿಯ ಕೊನೆಗೂ ಕೇಳಿರಬೇಕು.

ಎರಡೂ ಕಡೆ ಹೊಸ ಡಿಸ್ಕು, ಹೊಸ ಪ್ಯಾಡು ಕೂತವು. ಹಳೆಯ ಆಯಿಲ್ ಕಪ್ಪಾಗಿತ್ತು. ಅದನ್ನು ಬದಲಿಸಿ ಗಾಳಿ ತೆಗೆಯಬೇಕು.

"ಪೆಡಲ್ ನಾನು ಒತ್ಲಾ?" ಎಂದ ಯೂಜಿನ್.

"ಬೇಡ" ಎಂದಳು ಲೊರೇನ್. "ರೂಡಿ, ಕಾರು ಹತ್ತು."

"ನಾನಾ? ನನ್ನ ಕೈ..."

"ಪೆಡಲ್ ಕೈಯಲ್ಲಿ ಒತ್ತೀಯೇನೋ? ನಡುಗೋದು ಕೈ ತಾನೆ, ಕಾಲಲ್ವಲ್ಲ."

ರೂಡಿ ಹತ್ತಿ ಒಳಗೆ ಕೂತ. ಲೊರೇನ್ ಚಕ್ರದ ಬುಡದಲ್ಲಿ ಕೂತು ಕೂಗಿದಳು: "ಒತ್ತು! ಹಿಡಿ!" ಅವಳು ಗಾಳಿ ಬಿಡುವ ತಿರುಪು, ನಿಪ್ಪಲ್ ಸಡಿಲಿಸಿದಳು. ಗುಳ್ಳೆಗಳು ಅದಕ್ಕೆ ಸಿಕ್ಕಿಸಿದ್ದ ಪೈಪಿಗೆ ಬಂದವು. ಅವಳು ಬಿಗಿ ಮಾಡುವ ಮೊದಲೇ ಪೆಡಲ್ ಮೇಲೆದ್ದಿತು.

"ಏಯ್! ಬಿಡು ಅಂದ್ನಾ ನಾನು? ಕಿವಿ ಎಲ್ಲಿಟ್ಟಿದೀಯಾ?"

ಒಳಗಿನಿಂದ ಕಾರೇ ಕುಲುಕುವಂಥ ನಗು. ತಿಂಗಳುಗಳಿಂದ ಕೇಳದಿದ್ದ ನಗು ಅದು. ಅವಳ ಕಣ್ಣು ತುಂಬಿತು.

"ನಾನು ಹಿಂಗೇ ಬೈತಿದ್ನೇನೇ?"

"ಇದು ಕಾಲು ಭಾಗ. ಪೂರ್ತಿ ಬೈಯಕ್ಕೆ ಇವತ್ತು ಟೈಮಿಲ್ಲ. ಒತ್ತು!"

ಕೊನೆಗೆ ಗಾಳಿಯೆಲ್ಲ ಹೊರಬಿದ್ದಾಗ "ಪೆಡಲ್ ಗಟ್ಟಿಯಾಯ್ತು ಕಣೇ!" ಎಂದು ರೂಡಿ ಕೂಗಿದ.

ಇಬ್ಬರೂ ಒಂದು ಸುತ್ತು ಹೋದರು. ಓಡಿಸಿದವಳು ಲೊರೇನ್. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲೆಂದು ಅವಳು ವೇಗ ಏರಿಸಿ ಬ್ರೇಕ್ ಒತ್ತುವುದು, ಮತ್ತೆ ಏರಿಸಿ ಒತ್ತುವುದು. ಪ್ರತಿ ಸಲವೂ ಪಕ್ಕದ ಸೀಟಿನಲ್ಲಿದ್ದ ರೂಡಿಯ ಕಾಲು ಇಲ್ಲದ ಪೆಡಲ್ ಅನ್ನು ಒತ್ತುತ್ತಿತ್ತು. ಸ್ಟೀರಿಂಗ್ ಒಂದಿಷ್ಟೂ ಅಲುಗಲಿಲ್ಲ.

ಮನೆ ಮುಂದೆ ಯೂಜಿನ್ ಗಡಿಯಾರ ನೋಡುತ್ತಾ ಕೈಚಾಚಿ ನಿಂತಿದ್ದ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

"ಕೊಡಪ್ಪ ಕೀಲಿ."

ರೂಡಿ ಹೆಂಡತಿಯ ಕಡೆ ಬೆರಳು ತೋರಿಸಿದ. "ನನ್ನನ್ಯಾಕೆ ಕೇಳ್ತೀಯಾ? ನಮ್ಮ ಮೆಕ್ಯಾನಿಕ್‌ನ ಕೇಳು."

ಗ್ರೀಸು ಮೆತ್ತಿದ ಮೂಗನ್ನು ಎತ್ತಿ ಲೊರೇನ್ ಎಂದಳು: "ಪಿರೋಗಿ ಕಡುಬು ಮಾಡ್ತೀನಿ, ತಿಂದ್ಕೊಂಡು ಹೋಗು. ಕಾರು ಕೊಡಲ್ಲ. ಮುಂದಿನ ವಾರ ಹಿಂದಿನ ಚಕ್ರ ಬಿಚ್ಚಬೇಕು, ಇವನಿಗೆ ಪೆಡಲ್ ಬಿಡೋದು ಇನ್ನೂ ಸರಿಯಾಗಿ ಬಂದಿಲ್ಲ."